ಹೊದಿಕೆ ಬದಲಾದರೆ ರುಚಿ ಬದಲಾದೀತೆ?

ಒಂದೇ ಬಾಣಲೆಯಲ್ಲಿ ಕರಿದ ಆಲೂಗಡ್ಡೆಯನ್ನು ಎರಡು ಪಾಲು ಮಾಡಿ, ಒಂದನ್ನು ಬರಿಯ ಬಿಳಿ ಕಾಗದದಲ್ಲೂ ಇನ್ನೊಂದನ್ನು ಹೆಸರಾಂತ ಕಂಪನಿಯ ಗುರುತಿರುವ ಕಾಗದದಲ್ಲೂ ಕಟ್ಟಿದರೆ ರುಚಿಯಲ್ಲಿ ವ್ಯತ್ಯಾಸ ಇರಬೇಕೆ? ಇರಬಾರದು. ನಾಲಗೆಯ ರುಚಿಮೊಗ್ಗುಗಳಿಗೆ ಅಕ್ಷರ ಓದಲು ಬರುವುದಿಲ್ಲ.

ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಥಾಮಸ್ ರಾಬಿನ್ಸನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ನೋಡಿದರು. 3ರಿಂದ 5 ವರ್ಷದ 63 ಮಕ್ಕಳಿಗೆ ಐದು ಬಗೆಯ ತಿನಿಸುಗಳನ್ನು ಜೋಡಿಜೋಡಿಯಾಗಿ ಕೊಟ್ಟರು. ಪ್ರತಿ ಜೋಡಿಯಲ್ಲೂ ತಿನಿಸು ಒಂದೇ. ಒಂದರ ಹೊದಿಕೆಯ ಮೇಲೆ ಮಾತ್ರ ಮೆಕ್‌ಡೊನಾಲ್ಡ್ಸ್ ಗುರುತು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಕರಿದ ಆಲೂಗಡ್ಡೆಯ ವಿಷಯದಲ್ಲಿ ನೂರಕ್ಕೆ ಸುಮಾರು 77 ಮಕ್ಕಳು ಗುರುತಿನ ಪೊಟ್ಟಣದ್ದೇ ಹೆಚ್ಚು ರುಚಿ ಎಂದರು. ಬಿಳಿ ಪೊಟ್ಟಣದ್ದು ರುಚಿ ಎಂದವರು ಸುಮಾರು 13. ಕಿರಾಣಿ ಅಂಗಡಿಯಿಂದ ತಂದ ಹಸಿ ಕ್ಯಾರೆಟ್ ಕೂಡ ಗುರುತಿನ ಪೊಟ್ಟಣಕ್ಕೆ ಹೋದಾಗ ಹೆಚ್ಚು ರುಚಿಕರವಾಯಿತು! ಐದರಲ್ಲಿ ನಾಲ್ಕು ತಿನಿಸುಗಳಲ್ಲಿ ಈ ಒಲವು ಸ್ಪಷ್ಟವಾಗಿತ್ತು. ಮನೆಯಲ್ಲಿ ಹೆಚ್ಚು ಟಿ.ವಿ.ಗಳಿದ್ದ ಮಕ್ಕಳಲ್ಲಿ ಅದು ಇನ್ನೂ ಬಲವಾಗಿತ್ತು.

ಆ ಮಕ್ಕಳು ಸುಳ್ಳು ಹೇಳಲಿಲ್ಲ. ನಾಲಗೆಯಿಂದ ಬಂದ ಸಂದೇಶದ ಜೊತೆಗೆ ಮಿದುಳು ತನ್ನಲ್ಲಿ ಮೊದಲೇ ಇದ್ದ ನೆನಪುಗಳನ್ನೂ ಸೇರಿಸಿ ‘ರುಚಿ’ ಎಂಬ ತೀರ್ಪು ಕೊಡುತ್ತದೆ. ಜಾಹೀರಾತು ಕೆಲಸ ಮಾಡುವುದು ಆ ನೆನಪಿನ ಭಾಗದಲ್ಲಿ.

ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಓದಿ ನಗಬಹುದು. ‘ಅವು ಚಿಕ್ಕ ಮಕ್ಕಳು. ಜಾಹೀರಾತು ಎಂದರೆ ವ್ಯಾಪಾರ ಎಂದು ನಮಗೆ ಗೊತ್ತಿಲ್ಲವೆ?’ ಗೊತ್ತಿದೆ, ನಿಜ. ಆದರೆ ಪ್ರಚಾರ ಇತರರ ಮೇಲೆ ಪರಿಣಾಮ ಮಾಡುತ್ತದೆ, ನನ್ನ ಮೇಲೆ ಅಷ್ಟಾಗಿ ಮಾಡುವುದಿಲ್ಲ ಎಂದುಕೊಳ್ಳುವುದೂ ಅಧ್ಯಯನಕ್ಕೆ ಒಳಪಟ್ಟ ಒಂದು ಮಾನಸಿಕ ಗುಣ. ಅಮೆರಿಕದ ಸಮಾಜವಿಜ್ಞಾನಿ ಡೇವಿಸನ್ ಇದನ್ನು 1983ರಲ್ಲಿ ‘ಮೂರನೆಯವರ ಪರಿಣಾಮ’ ಎಂದು ಕರೆದರು. ಶಿಕ್ಷಕರೂ, ಈ ಲೇಖನ ಬರೆಯುತ್ತಿರುವವನೂ ಇದಕ್ಕೆ ಹೊರತಲ್ಲ.

ಹಾಗಾದರೆ ತಿಳಿವಳಿಕೆ ನಮ್ಮನ್ನು ಕಾಪಾಡುವುದಿಲ್ಲವೆ? 1977ರಲ್ಲಿ ಲಿನ್ ಹ್ಯಾಶರ್ ಮತ್ತು ಇಬ್ಬರು ಸಹೋದ್ಯೋಗಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಕೆಲವು ಹೇಳಿಕೆಗಳನ್ನು ಕೊಟ್ಟು, ಅವು ಎಷ್ಟರಮಟ್ಟಿಗೆ ನಿಜವೆನಿಸುತ್ತವೆ ಎಂದು ಅಂಕ ಹಾಕಲು ಹೇಳಿದರು. ಕೆಲವು ಹೇಳಿಕೆಗಳು ಸರಿ, ಕೆಲವು ತಪ್ಪು. ಅವುಗಳಲ್ಲಿ ಒಂದಷ್ಟು ಮಾತ್ರ ಮೂರೂ ಸಲ ಮರಳಿ ಬರುತ್ತಿದ್ದವು. ಮರಳಿ ಬಂದವುಗಳಿಗೆ, ಅವು ಸರಿಯಾಗಿರಲಿ ತಪ್ಪಾಗಿರಲಿ, ವಿದ್ಯಾರ್ಥಿಗಳು ಬರುಬರುತ್ತ ಹೆಚ್ಚು ಅಂಕ ಕೊಟ್ಟರು. ಹೊಸ ಪುರಾವೆ ಏನೂ ಇರಲಿಲ್ಲ. ಕೇಳಿದ ಮಾತನ್ನೇ ಮತ್ತೆ ಕೇಳಿದ್ದರು, ಅಷ್ಟೆ. ಪರಿಚಿತವಾದ ಮಾತನ್ನು ಗ್ರಹಿಸಲು ಮಿದುಳಿಗೆ ಶ್ರಮ ಕಡಿಮೆ. ಆ ಸಲೀಸನ್ನೇ ಅದು ಸತ್ಯದ ಲಕ್ಷಣವೆಂದು ಎಣಿಸಿಬಿಡುತ್ತದೆ.

2015ರಲ್ಲಿ ಲಿಸಾ ಫೇಜಿಯೊ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ಕಾಟ್ಲೆಂಡಿನವರು ಉಡುವ ನೆರಿಗೆಯ ಗಿಡ್ಡ ಲಂಗಕ್ಕೆ ಸೀರೆ ಎಂದು ಹೆಸರು ಎಂಬಂಥ ಹೇಳಿಕೆಗಳನ್ನು ಅವರು ಬಳಸಿದರು. (ನಮ್ಮ ತರಗತಿಯಲ್ಲಿ ಈ ಉದಾಹರಣೆ ನಡೆಯುವುದಿಲ್ಲ ಎಂಬುದು ಬೇರೆ ಮಾತು.) ಸರಿಯುತ್ತರ ತಿಳಿದಿದ್ದವರಲ್ಲೂ ತಪ್ಪು ಹೇಳಿಕೆಯನ್ನು ಮತ್ತೆ ನೋಡಿದಾಗ ಅದು ಸ್ವಲ್ಪ ಹೆಚ್ಚು ನಿಜವೆನಿಸಿತು.

ಇದರ ಪರಿಣಾಮ ನಮ್ಮ ನಾಡಿನಲ್ಲಿ ಏನೆಂದು ತಿಳಿಯಲು ಮೈಬಣ್ಣದ ಮುಲಾಮಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ‘ಫೇರ್ ಅಂಡ್ ಲವ್ಲಿ’ ಭಾರತದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಇಂಥ ಮುಲಾಮುಗಳ ಜಾಹೀರಾತಿನಲ್ಲಿ ಎಷ್ಟೋ ವರ್ಷ ಒಂದೇ ಕಥೆ: ಕಪ್ಪು ಹುಡುಗಿ, ಬಾಡಿದ ಮುಖ, ಕೆಲಸವಿಲ್ಲ, ವರ ಒಪ್ಪುವುದಿಲ್ಲ, ಒಂದು ಟ್ಯೂಬು, ಕೆಲವೇ ವಾರಗಳಲ್ಲಿ ಬಿಳುಪು, ನೌಕರಿ, ನಗು. ಇದರಲ್ಲಿ ಎರಡು ಹೇಳಿಕೆಗಳಿವೆ. ಮುಲಾಮು ಹಚ್ಚಿದರೆ ಬಣ್ಣ ತಿಳಿಯಾಗುತ್ತದೆ ಎಂಬುದು ಬಾಯಿಬಿಟ್ಟು ಹೇಳಿದ್ದು. ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು, ಸುಳ್ಳಾದರೆ ದೂರು ಕೊಡಬಹುದು. ಕಪ್ಪಾಗಿರುವುದು ಒಂದು ಕೊರತೆ ಎಂಬುದು ಬಾಯಿಬಿಡದೆ ಹೇಳಿದ್ದು. ಯಾರೂ ನುಡಿಯದ ಮಾತನ್ನು ಯಾರು ಪರೀಕ್ಷಿಸುವುದು? ಸಾವಿರ ಸಲ ಮರಳಿ ಬಂದದ್ದು ಈ ಎರಡನೆಯದೇ. ಮುಲಾಮು ಕೊಳ್ಳದ ಮನೆಗಳಿಗೂ ಅದು ತಲುಪಿತು.

ಹಾಗೆಂದು ಎಲ್ಲವನ್ನೂ ಜಾಹೀರಾತಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ‘ಹುಡುಗಿ ಕಪ್ಪು, ಆದರೂ ಲಕ್ಷಣವಾಗಿದ್ದಾಳೆ’ ಎಂದು ನಾವೇ ಹೇಳುತ್ತೇವೆ. ಆ ‘ಆದರೂ’ ಟಿ.ವಿ.ಗಿಂತ ಬಹಳ ಹಳೆಯದು. ಮನೆಯಲ್ಲಿ ಮೊದಲೇ ಇದ್ದ ನಂಬಿಕೆಗೆ ಜಾಹೀರಾತು ನೀರೆರೆಯಿತು, ಅದಕ್ಕೊಂದು ಬೆಲೆಚೀಟಿಯನ್ನೂ ಅಂಟಿಸಿತು. 2005ರಲ್ಲಿ ಗಂಡಸರಿಗೆಂದೇ ‘ಫೇರ್ ಅಂಡ್ ಹ್ಯಾಂಡ್‌ಸಮ್’ ಬಂದಾಗ ಹುಡುಗರೂ ಈ ಸಾಲಿಗೆ ಸೇರಿದರು.

ವಿಜ್ಞಾನ ಏನು ಹೇಳುತ್ತದೆ? ಚರ್ಮದಲ್ಲಿ ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪು ಮೈಯವರಲ್ಲೂ ಬಿಳಿ ಮೈಯವರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಮೆಲನಿನ್‌ನ ಬಗೆ, ಪ್ರಮಾಣ ಮತ್ತು ಅದು ಹರಡುವ ರೀತಿಯಲ್ಲಿ. ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಕೋಶದೊಳಗಿನ ಡಿಎನ್ಎಯನ್ನು ಕಾಪಾಡುತ್ತದೆ. ಸಮಭಾಜಕದತ್ತ ಬಿಸಿಲು ಪ್ರಖರವಾಗಿರುವ ನಾಡುಗಳಲ್ಲಿ ಜನರ ಬಣ್ಣ ಗಾಢವಾಗಿರುವುದು ಇದಕ್ಕೇ. ಜಾಹೀರಾತು ಕೊರತೆ ಎಂದು ತೋರಿಸಿದ್ದು ವಾಸ್ತವದಲ್ಲಿ ಒಂದು ರಕ್ಷಣಾ ವ್ಯವಸ್ಥೆ.

ಬಿಳುಪಾಗುವ ಹಂಬಲ ಮುಲಾಮಿನ ಟ್ಯೂಬಿಗೇ ನಿಲ್ಲಲಿಲ್ಲ ಎಂಬುದು ಕಳವಳದ ವಿಷಯ. ಬೀಟಾಮೆಥಸೋನ್, ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್ ಇರುವ ಔಷಧಿಯ ಮುಲಾಮುಗಳನ್ನು ಬೇಗ ಬೆಳ್ಳಗಾಗಲೆಂದು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿಕೊಂಡವರಿದ್ದಾರೆ. ಚರ್ಮ ತೆಳುವಾಗಿ ಕೆಂಪಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ. ನಿಲ್ಲಿಸಿದರೆ ಉರಿ ಇನ್ನೂ ಜಾಸ್ತಿ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ವಿದ್ಯಾರ್ಥಿಯ ಮುಖದಲ್ಲಿ ಈ ಲಕ್ಷಣಗಳು ಕಂಡರೆ ಶಿಕ್ಷಕರು ಚರ್ಮವೈದ್ಯರ ಬಳಿಗೆ ಕಳುಹಿಸುವುದು ಒಳ್ಳೆಯದು. ಒಮ್ಮೆಲೇ ನಿಲ್ಲಿಸುವುದೂ ತಾನಾಗಿ ಮಾಡುವ ಕೆಲಸವಲ್ಲ.

ವಿರೋಧವೂ ಬಂತು. ಮಹಿಳಾ ಸಂಘಟನೆಗಳ ದೂರಿನ ಬಳಿಕ 2003ರಲ್ಲಿ ಇಂಥ ಕೆಲವು ಜಾಹೀರಾತುಗಳು ಟಿ.ವಿ.ಯಿಂದ ಹಿಂದೆ ಸರಿದವು. ಕಪ್ಪು ಮೈಯವರನ್ನು ಅನಾಕರ್ಷಕರೆಂದೋ ದುಃಖಿಗಳೆಂದೋ ತೋರಿಸಬಾರದು ಎಂದು ಭಾರತೀಯ ಜಾಹೀರಾತು ಮಾನಕ ಮಂಡಳಿ 2014ರಲ್ಲಿ ಸೂಚಿಸಿತು. 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಹೆಸರೇ ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ಹೊಸ ಹೆಸರಿನಲ್ಲಿ ಬಿಳುಪು ಇಲ್ಲ, ಹೊಳಪು ಇದೆ.

ಈಗ ಜಾಹೀರಾತು ಟಿ.ವಿ.ಯ ವಿರಾಮಕ್ಕೆ ಕಾಯುವುದಿಲ್ಲ. ಮೊಬೈಲಿನ ಕಿರುಚಿತ್ರದ ಮೇಲೆ ನಿಮ್ಮ ಬೆರಳು ಎರಡು ಕ್ಷಣ ನಿಂತರೆ ಸಾಕು, ಅಂಥವೇ ಇನ್ನಷ್ಟು ಬರುತ್ತವೆ. ಹ್ಯಾಶರ್ ಪ್ರಯೋಗದಲ್ಲಿ ಯಾವ ಹೇಳಿಕೆಯನ್ನು ಮರಳಿಸಬೇಕೆಂದು ಸಂಶೋಧಕರು ಆರಿಸಿದ್ದರು. ಇಲ್ಲಿ ಅದನ್ನು ನಮ್ಮ ಬೆರಳೇ ಆರಿಸುತ್ತದೆ. ಮಾತಾಡುವವಳು ದೂರದ ನಟಿಯಲ್ಲ, ಪಕ್ಕದ ಮನೆಯ ಅಕ್ಕನಂಥವಳು. ಸಂಗಡಿಗರ ಮೆಚ್ಚುಗೆಗೆ ಮನ ಮಿಡಿಯುವುದು ಹದಿಹರೆಯದಲ್ಲೇ ಹೆಚ್ಚು. ಸಾವಧಾನವಾಗಿ ತೂಗಿ ನೋಡುವ ಮಿದುಳಿನ ಮುಂಭಾಗ ಪೂರ್ಣ ಬಲಿಯುವುದು ಸುಮಾರು 25ನೆಯ ವಯಸ್ಸಿಗೆ. ಹಣ ಪಡೆದು ಮಾಡಿದ ಚಿತ್ರವಾದರೆ ಅದು ಜಾಹೀರಾತೆಂದು ನಮೂದಿಸಬೇಕೆಂಬ ನಿಯಮವನ್ನು ಮಾನಕ ಮಂಡಳಿ 2021ರಲ್ಲಿ ತಂದಿದೆ. ಆ ಪುಟ್ಟ ಅಕ್ಷರಗಳನ್ನು ಹುಡುಕಿ ಓದುವವರು ಎಷ್ಟು ಮಂದಿ?

ಆದರೂ ಒಂದು ಆಶಾದಾಯಕ ಸಂಗತಿಯಿದೆ. ನಾಡಿಯಾ ಬ್ರೇಷಿಯರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಹೇಳಿಕೆಯನ್ನು ಮೊಟ್ಟಮೊದಲು ಕಂಡಾಗಲೇ ‘ಇದು ನಿಜವೆ?’ ಎಂದು ಕೇಳಿಕೊಂಡವರಲ್ಲಿ, ವಿಷಯ ಅವರಿಗೆ ತಿಳಿದದ್ದಾಗಿದ್ದರೆ, ಮರಳಿಕೆಯ ಮೋಡಿ ನಡೆಯಲಿಲ್ಲ. ಪ್ರಶ್ನೆ ಮೊದಲ ಭೇಟಿಯಲ್ಲೇ ಏಳಬೇಕು. ಬಾಯಿಬಿಡದ ಹೇಳಿಕೆಯನ್ನು ಮೊದಲು ಒಂದು ವಾಕ್ಯವಾಗಿ ಬರೆದುಕೊಳ್ಳಬೇಕು. ‘ಕಪ್ಪಾಗಿರುವವರಿಗೆ ಕೆಲಸ ಸಿಗುವುದಿಲ್ಲ’ ಎಂದು ಕರಿಹಲಗೆಯ ಮೇಲೆ ಬರೆದು, ನಿಜವೆ ಎಂದು ಕೇಳಿದರೆ ತರಗತಿ ತಾನೇ ಉತ್ತರಿಸುತ್ತದೆ.

ಮರಳಿಕೆಯ ಪ್ರಯೋಗವನ್ನು ಶಾಲೆಯಲ್ಲೂ ಮಾಡಬಹುದು. ಮಕ್ಕಳಿಗೆ ಅಷ್ಟಾಗಿ ತಿಳಿಯದ ಇಪ್ಪತ್ತು ವಾಕ್ಯಗಳನ್ನು ಆರಿಸಿ. ಅರ್ಧ ಸರಿ, ಅರ್ಧ ತಪ್ಪು. ‘ಆಕ್ಟೋಪಸ್‌ಗೆ ಮೂರು ಹೃದಯಗಳಿವೆ’ ಎಂಬುದು ಸರಿ. ‘ಶುಕ್ರ ಗ್ರಹಕ್ಕೆ ಎರಡು ಉಪಗ್ರಹಗಳಿವೆ’ ಎಂಬುದು ತಪ್ಪು. 1ರಿಂದ 7ರವರೆಗೆ ಅಂಕ ಹಾಕಿಸಿ. ಎರಡು ವಾರ ಬಿಟ್ಟು, ಹತ್ತು ಹಳೆಯ ವಾಕ್ಯಗಳ ಜೊತೆ ಹತ್ತು ಹೊಸದನ್ನು ಬೆರೆಸಿ ಮತ್ತೆ ಕೊಡಿ. ಹಳೆಯದರಲ್ಲೂ ಹೊಸದರಲ್ಲೂ ತಪ್ಪು ವಾಕ್ಯಗಳು ಸಮನಾಗಿರಲಿ. ಸರಾಸರಿಗಳನ್ನು ಮಕ್ಕಳೇ ಲೆಕ್ಕ ಹಾಕಲಿ. ಕೊನೆಗೆ ಎಲ್ಲ ತಪ್ಪು ವಾಕ್ಯಗಳನ್ನು ಓದಿ ತಿದ್ದಿಸಲು ಮರೆಯಬೇಡಿ. ಇಲ್ಲವಾದರೆ ಪರೀಕ್ಷೆಯಲ್ಲಿ ಶುಕ್ರನಿಗೆ ಎರಡು ಉಪಗ್ರಹಗಳು ಹುಟ್ಟಿಕೊಂಡಾವು.