ಒಂದೇ ದಿನ ಸೇರಿದವರು

ಕಳೆದ ರಾಜ್ಯೋತ್ಸವದಂದು ನಮ್ಮ ಶಂಕರನಾರಾಯಣದ ಸಭೆಯೊಂದರಲ್ಲಿ ನಾನು ಭಾಷಣ ಮಾಡಬೇಕಾಯಿತು. ಕನ್ನಡ ಅಧ್ಯಾಪಕನಾದವನಿಗೆ ನವೆಂಬರಿನಲ್ಲಿ ಈ ಕರ್ತವ್ಯ ತಪ್ಪಿದ್ದಲ್ಲ. 1956ರ ನವೆಂಬರ್ 1ರಂದು ಮದರಾಸಿನಿಂದ ನಮ್ಮ ದಕ್ಷಿಣ ಕನ್ನಡವೂ, ಮುಂಬಯಿಯಿಂದ ಧಾರವಾಡ, ಬಿಜಾಪುರಗಳೂ, ಹೈದರಾಬಾದಿನಿಂದ ರಾಯಚೂರು, ಬೀದರಗಳೂ, ಅವುಗಳೊಡನೆ ಕೊಡಗೂ, ಅಗಲಿದ್ದ ಮಕ್ಕಳು ತಾಯ ಮಡಿಲಿಗೆ ಮರಳಿದಂತೆ ಮೈಸೂರನ್ನು ಸೇರಿದವೆಂದು ವರ್ಣಿಸಿದೆ. ಚಪ್ಪಾಳೆಯೂ ಬಿದ್ದಿತು.

ಸಭೆ ಮುಗಿದ ಮೇಲೆ ಹಿರಿಯ ಮಿತ್ರರೊಬ್ಬರು ನನ್ನೊಡನೆ ದೇವಸ್ಥಾನದತ್ತ ನಡೆದು ಬಂದರು. ಅವರು ವಿರಾಜಪೇಟೆಯ ಕಡೆಯವರು; ಅರ್ಥಶಾಸ್ತ್ರದ ಅಧ್ಯಾಪಕರು. ದಾರಿಯಲ್ಲಿ ಮೆಲ್ಲನೆ ಹೇಳಿದರು: "ಮೇಷ್ಟ್ರೇ, ಉಳಿದವರೆಲ್ಲ ಪರರ ಮನೆಯ ಮೂಲೆಯಲ್ಲಿದ್ದವರು, ತಮ್ಮ ಮನೆಗೆ ಬಂದರು. ನಾವು ನಮ್ಮ ಮನೆಗೇ ಬೀಗ ಹಾಕಿ ಬಂದವರು. ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿಬಿಟ್ಟಿರಲ್ಲ!"

ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನನ್ನನ್ನು ಬಿಡಲಿಲ್ಲ.

ಕೊಡಗು ಚಿಕ್ಕ ದೇಶ. ಅದರ ಚರಿತ್ರೆಯೆಲ್ಲ ದೊಡ್ಡ ನೆರೆಯವರೊಡನೆ ಬಾಳಿದ ಚರಿತ್ರೆ. ಟಿಪ್ಪುವಿನ ಬಲಕ್ಕೆ ಎದುರಾಗಿ ದೊಡ್ಡ ವೀರರಾಜೇಂದ್ರನು 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸ್ನೇಹ ಬೆಳೆಸಿದನು. ಆ ಸ್ನೇಹಿತನೇ 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ದೇಶವನ್ನು ನುಂಗಿದನು. ಅರಸನ ದೌರ್ಜನ್ಯ ಸುಳ್ಳಲ್ಲ. ಆದರೆ ಫ್ರೇಸರನ ಘೋಷಣೆಯು, ಕೊಡಗಿನ ಜನರೆಲ್ಲರೂ ಒಮ್ಮತದಿಂದ ಬಯಸಿದ್ದರಿಂದಲೇ ಈ ಕಾರ್ಯ ನಡೆಯಿತೆಂದು ಸಾರಿತು. ಬಲಿಷ್ಠನು ದುರ್ಬಲನನ್ನು ಸೇರಿಸಿಕೊಳ್ಳುವಾಗ ಆಡುವ ಮಾತು ಎಲ್ಲ ಕಾಲಕ್ಕೂ ಒಂದೇ!

ಆ ಒಮ್ಮತದ ಬೆಲೆ ಮೂರೇ ವರ್ಷಗಳಲ್ಲಿ ತಿಳಿಯಿತು. ಕೊಡಗಿಗೆ ಸೇರಿದ್ದ ಅಮರಸುಳ್ಯದ ಸೀಮೆಯನ್ನು ಕಂಪನಿಯವರು ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಈಗ ನಗದಾಗಿ ತೆರಬೇಕಾಯಿತು. ಗದ್ದೆಯಲ್ಲಿ ಭತ್ತ ಬೆಳೆದೀತು, ನಾಣ್ಯ ಬೆಳೆದೀತೇ? 1837ರಲ್ಲಿ ರೈತರು ದಂಗೆಯೆದ್ದು ಮಂಗಳೂರಿನವರೆಗೆ ಬಂದರು. ಕೆಲವೇ ದಿನಗಳಲ್ಲಿ ದಂಗೆ ಅಡಗಿತು, ನಾಯಕರು ಗಲ್ಲಿಗೇರಿದರು. ಇದು ನಮ್ಮ ಕರಾವಳಿಯದೇ ಕಥೆ. ಆದರೂ ನನ್ನ ಭಾಷಣದಲ್ಲಿ ಇದಕ್ಕೆ ಸ್ಥಳವಿರಲಿಲ್ಲ.

1956ರ ಸೇರ್ಪಡೆ ಅಂಥದಲ್ಲವೆಂಬುದನ್ನು ಒತ್ತಿ ಹೇಳಬೇಕು. ಅದು ಆಕ್ರಮಣವಲ್ಲ, ಪ್ರಜಾಪ್ರಭುತ್ವದ ಮಾರ್ಗದಲ್ಲಿ ನಡೆದದ್ದು. ಕೊಡಗು ಆಗ 'ಸಿ' ವರ್ಗದ ರಾಜ್ಯ. 1952ರ ಚುನಾವಣೆಯಲ್ಲಿ 24 ಸ್ಥಾನಗಳ ಪೈಕಿ ಕಾಂಗ್ರೆಸ್ಸು 15ನ್ನು ಗೆದ್ದಿತು, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು. ವಿಲೀನವನ್ನು ವಿರೋಧಿಸಿದವರು ಪಂದ್ಯಂಡ ಬೆಳ್ಯಪ್ಪನವರ ನೇತೃತ್ವದಲ್ಲಿ ತಕ್ಕಡಿಯ ಗುರುತಿನಡಿ ನಿಂತಿದ್ದರು. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ವಿಲೀನವನ್ನೇ ಶಿಫಾರಸು ಮಾಡಿತು. ಅಷ್ಟು ಪುಟ್ಟ ರಾಜ್ಯವೊಂದು ತನ್ನ ಕಾಲ ಮೇಲೆ ಎಷ್ಟು ದಿನ ನಿಂತೀತೆಂಬ ಪ್ರಶ್ನೆ ನ್ಯಾಯವಾದದ್ದೇ.

ಭಾಷೆಯ ನಂಟೂ ಹುಸಿಯಲ್ಲ. ಹಾಲೇರಿ ಅರಸರ ಆಡಳಿತದ ನುಡಿ ಕನ್ನಡ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಕೊಡವರ ಹಾಡುಗಳನ್ನು 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದಾಗ ಬಳಸಿದ ಲಿಪಿಯೂ ಕನ್ನಡ. ಆದರೆ ಲಿಪಿ ನಮ್ಮದಾದ ಮಾತ್ರಕ್ಕೆ ಹಾಡೂ ನಮ್ಮದಾಗುವುದಿಲ್ಲ.

ಮಿತ್ರರು ಅರ್ಥಶಾಸ್ತ್ರಜ್ಞರಲ್ಲವೇ, ಲೆಕ್ಕವನ್ನೂ ಒಪ್ಪಿಸಿದರು. ಅಂದು ಕೊಡಗಿನ ಮಾತು ಆಡಲು ಅಲ್ಲಿಯದೇ 24 ಶಾಸಕರಿದ್ದರು, ಲೋಕಸಭೆಯಲ್ಲಿ ಸ್ವಂತದ ಒಬ್ಬ ಸದಸ್ಯರಿದ್ದರು. ಇಂದು 224 ಮಂದಿಯ ವಿಧಾನಸಭೆಯಲ್ಲಿ ಇಬ್ಬರು. ಲೋಕಸಭೆಗೆ ಮೈಸೂರಿನೊಡನೆ ಸೇರಿ ಒಬ್ಬರು. ದೇಶದ ಕಾಫಿಯ ಸುಮಾರು ಮೂರನೆಯ ಒಂದು ಪಾಲು ಕೊಡಗಿನದು. ನಾಡಿಗೆಲ್ಲ ನೀರೂಡುವ ಕಾವೇರಿಯ ತವರೂ ಅದೇ. "ಕೊಡುವುದರಲ್ಲಿ ನಾವು ಚಿಕ್ಕವರಲ್ಲ, ಕೇಳುವುದರಲ್ಲಿ ಮಾತ್ರ ಚಿಕ್ಕವರು" ಎಂದರು. ಪ್ರತ್ಯೇಕತೆಯ, ಸ್ವಾಯತ್ತತೆಯ ಕೂಗು ಅಲ್ಲಿ ಆಗಾಗ ಏಳುವುದೇಕೆಂದು ಆಗ ನನಗೆ ಅರ್ಥವಾಯಿತು.

"ಹಾಗಾದರೆ ಸೇರಿದ್ದು ತಪ್ಪೇ?" ಎಂದೆ.

"ಹಾಗೆಂದೆನೇ? ನನ್ನ ಮಕ್ಕಳು ಓದಿದ್ದು ಮೈಸೂರಿನಲ್ಲಿ; ನಾನು ಅನ್ನ ಉಣ್ಣುತ್ತಿರುವುದು ನಿಮ್ಮ ಊರಿನಲ್ಲಿ. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯನ್ನು ಕೊಟ್ಟದ್ದೂ ಈ ರಾಜ್ಯವೇ. ಸೇರಿದ್ದಕ್ಕೆ ದುಃಖವಿಲ್ಲ, ಮೇಷ್ಟ್ರೇ. ಸೇರುವಾಗ ಏನನ್ನು ಬಿಟ್ಟು ಬಂದೆವೆಂದು ಯಾರೂ ಕೇಳದಿದ್ದುದಕ್ಕೆ ದುಃಖ."

ಅಷ್ಟರಲ್ಲಿ ದೇವಸ್ಥಾನ ಬಂದಿತ್ತು. ನಮ್ಮೂರಿನ ಗರ್ಭಗುಡಿಯಲ್ಲಿ ಶಂಕರನೂ ನಾರಾಯಣನೂ ಒಟ್ಟಿಗಿದ್ದಾರೆ. ಒಟ್ಟಿಗಿದ್ದೂ ಇಬ್ಬರಾಗಿಯೇ ಇದ್ದಾರೆ. ಒಬ್ಬನ ಹೆಸರು ಇನ್ನೊಬ್ಬನದನ್ನು ಅಳಿಸಿಲ್ಲ. ಊರಿನ ಹೆಸರನ್ನು ದಿನವೂ ಉಚ್ಚರಿಸುವ ನನಗೆ ಇದನ್ನು ನೆನಪಿಸಲು ಕೊಡಗಿನವರೊಬ್ಬರು ಬರಬೇಕಾಯಿತು.

ಮುಂದಿನ ನವೆಂಬರಿನಲ್ಲಿಯೂ ಭಾಷಣ ತಪ್ಪದು. ಅಂದು ಆ ಒಂದು ವಾಕ್ಯವನ್ನು ಎರಡು ಮಾಡಿ ಹೇಳಬೇಕೆಂದಿದ್ದೇನೆ. ಚಪ್ಪಾಳೆ ಕಡಿಮೆಯಾದರೆ ಆಗಲಿ.