ಅಜ್ಜಿಯ ಕಥೆಗಳನ್ನು ಬ್ಲಾಗಿನಿಂದ ಇಳಿಸಿಕೊಂಡೆ

ಆ ಇಮೇಲ್ ಬಂದು ಆಗಲೇ ಹನ್ನೊಂದು ದಿನವಾಗಿತ್ತು. ನಾನು ಈಗ ಹೆಚ್ಚು ಬಳಸದ ಹಳೆಯ ವಿಳಾಸದಲ್ಲಿ, ಸಾಲ ಕೊಡುತ್ತೇವೆ ಅನ್ನುವ ಜಾಹೀರಾತುಗಳ ಮಧ್ಯೆ ಬಿದ್ದಿತ್ತು. ಬ್ಲಾಗ್ ಸೇವೆ ನಿಲ್ಲಿಸುತ್ತಿದ್ದೇವೆ, ಮೂವತ್ತು ದಿನದೊಳಗೆ ನಿಮ್ಮ ಬರಹಗಳನ್ನು ಇಳಿಸಿಕೊಳ್ಳಿ, ಆಮೇಲೆ ಎಲ್ಲ ಅಳಿಸಿಹೋಗುತ್ತದೆ ಅಂತ ನಾಲ್ಕು ಸಾಲು.

2009ರಲ್ಲಿ ಪುಣೆಗೆ ಬಂದ ಹೊಸದರಲ್ಲಿ, ಮೂವರು ಹಂಚಿಕೊಂಡಿದ್ದ ಬಾಡಿಗೆ ಮನೆಯಲ್ಲಿ ಕೂತು ಶುರುಮಾಡಿದ ಬ್ಲಾಗ್ ಅದು. ಒಟ್ಟು 64 ಬರಹ. ಅದರಲ್ಲಿ ಬಹುಪಾಲು ಈಗ ಓದಿದರೆ ನಾಚಿಕೆಯಾಗುವಂಥವು: ಮಳೆ, ಚಹಾ, ಒಂಟಿತನ. ಹೋದರೆ ಹೋಗಲಿ. ಆದರೆ 19 ಬರಹ ನನ್ನವಲ್ಲ, ಅಜ್ಜಿಯವು. ಭಾನುವಾರ ಫೋನು ಮಾಡಿದಾಗ ಅಜ್ಜಿ ಹೇಳುತ್ತಿದ್ದದ್ದನ್ನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಗೇ ಟೈಪ್ ಮಾಡಿಕೊಳ್ಳುತ್ತಿದ್ದೆ. ತಿಪಟೂರಿನ ಹತ್ತಿರದ ನಮ್ಮೂರು, ಕೆರೆ ಕೋಡಿ ಬಿದ್ದ ವರ್ಷ, ಅಟ್ಟದ ಮೇಲೆ ಕೊಬ್ಬರಿಯಾಗುತ್ತಾ ಕೂತ ಕಾಯಿಗಳು. ಅಜ್ಜಿ 2015ರಲ್ಲಿ ಹೋದರು. ಆ ಮಾತುಗಳು ಬೇರೆಲ್ಲೂ ಇಲ್ಲ. ಆಫೀಸಿನಲ್ಲಿ ಬೇರೆಯವರ ಡೇಟಾಬೇಸ್‌ಗಳ ಬ್ಯಾಕಪ್ ನೋಡಿಕೊಳ್ಳುವುದೇ ನನ್ನ ಸಂಬಳದ ಕೆಲಸ ಅನ್ನುವುದನ್ನು ಇಲ್ಲಿ ಹೇಳಿಕೊಳ್ಳಬಾರದಿತ್ತು.

ಎಕ್ಸ್‌ಪೋರ್ಟ್ ಒತ್ತಿದರೆ ಕೈಗೆ ಬಂದದ್ದು ಒಂದೇ ಒಂದು ಎಕ್ಸ್‌ಎಂಎಲ್ ಫೈಲು. ನಿಮ್ಮದು ವರ್ಡ್‌ಪ್ರೆಸ್ ಆದರೂ (ಟೂಲ್ಸ್ ಕೆಳಗಿನ ಎಕ್ಸ್‌ಪೋರ್ಟ್), ಬ್ಲಾಗರ್ ಆದರೂ (ಗೂಗಲ್ ಟೇಕ್‌ಔಟ್) ಸಿಗುವುದು ಇಂಥದ್ದೇ. ಇದನ್ನು ನೋಡಿ ಗಾಬರಿಯಾಗಬೇಡಿ. ಇದು ನಿಜಕ್ಕೂ ಒಳ್ಳೆಯ ಸುದ್ದಿ. ಯಾವ ಎಡಿಟರ್‌ನಲ್ಲಿ ತೆರೆದರೂ ಒಳಗೆ ಕನ್ನಡ ಕಾಣುತ್ತದೆ. ಕಾಲೇಜಿನಲ್ಲಿ ನಾನು ನುಡಿಯಲ್ಲಿ ಟೈಪ್ ಮಾಡಿಟ್ಟ ಹಳೆಯ ಫೈಲುಗಳಿಗೆ ಈ ಭಾಗ್ಯವಿಲ್ಲ. ಆ ಫಾಂಟ್ ಇಲ್ಲದಿದ್ದರೆ ಅಲ್ಲಿರುವುದು ಕೊಂಬು ಕೋಡು ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಅಷ್ಟೇ. ಅದರಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಹಾಗೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಪ್ರಕಾರ ರಕಾರ ಮೊದಲು ಬರಬೇಕು. ಪರಿವರ್ತಕ ಇದನ್ನು ಸರಿಯಾಗಿ ಎತ್ತಿಡದಿದ್ದರೆ ಸೂರ್ಯನ ಗತಿ ಅಧೋಗತಿ.

ಚಿತ್ರಗಳ ವಿಷಯದಲ್ಲಿ ನಾನು ಸೋತೆ. ಎಕ್ಸ್‌ಎಂಎಲ್ ಫೈಲಿನಲ್ಲಿ ಚಿತ್ರ ಇರುವುದಿಲ್ಲ, ಅದರ ವಿಳಾಸ ಮಾತ್ರ ಇರುತ್ತದೆ. ಬ್ಲಾಗಿನಲ್ಲೇ ಏರಿಸಿದ್ದವನ್ನು ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದು ಇಳಿಸಿಕೊಂಡೆ. ಆದರೆ ಏಳು ಚಿತ್ರಗಳನ್ನು ಆ ಕಾಲಕ್ಕೆ ಬೇರೊಂದು ಫೋಟೋ ತಾಣದಲ್ಲಿ ಇಟ್ಟು ಕೊಂಡಿ ಕೊಟ್ಟಿದ್ದೆ. ಆ ತಾಣ ಎಂದೋ ಮುಚ್ಚಿದೆ. ಅಟ್ಟದ ಏಣಿಗೆ ಕೈಯಾನಿಸಿ ನಿಂತ ಅಜ್ಜಿಯ ಫೋಟೋ ಆ ಏಳರಲ್ಲಿ ಒಂದು. ತೆಗೆದ ಮೊಬೈಲು ಯಾವ ಗುಜರಿಯಲ್ಲಿದೆಯೋ.

ಉಳಿದದ್ದು ಹೆಚ್ಚು ಕಷ್ಟವಲ್ಲ. ಸ್ಕ್ರಿಪ್ಟಿನಿಂದ ಪ್ರತಿ ಬರಹವನ್ನೂ ಬೇರೆ ಬೇರೆ ಎಚ್‌ಟಿಎಂಎಲ್ ಫೈಲು ಮಾಡಿ, ಪ್ಯಾನ್‌ಡಾಕ್ ಅನ್ನುವ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಅದು ಮಾರ್ಕ್‌ಡೌನ್, ಇಪಬ್, ಓಡಿಟಿ ಯಾವುದು ಬೇಕೋ ಅದನ್ನು ಮಾಡಿಕೊಡುತ್ತದೆ. ಮಾರ್ಕ್‌ಡೌನ್ ಬರೀ ಪಠ್ಯ, ನೋಟ್‌ಪ್ಯಾಡ್ ಸಾಕು. ಇಪಬ್ ಮೊಬೈಲಿನಲ್ಲಿ ಓದುವುದಕ್ಕೆ. ಅದರ ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಿಸಿ ಬಿಚ್ಚಿ ನೋಡಿ, ಒಳಗೆ ಸಾದಾ ವೆಬ್ ಪುಟಗಳೇ ಇರುತ್ತವೆ. ಓಡಿಟಿ ಲಿಬ್ರೆಆಫೀಸ್‌ನ ಫಾರ್ಮ್ಯಾಟು, 2006ರಿಂದ ಐಎಸ್ಒ ಮಾನಕ. ಇವು ಯಾವ ಕಂಪನಿಯ ಕೃಪೆಯಲ್ಲೂ ಇಲ್ಲ. ಬರೀ ಪಿಡಿಎಫ್ ಮಾಡಿಟ್ಟು ನಿಶ್ಚಿಂತೆಯಿಂದ ಇರುವವರಿಗೆ ಒಂದು ಮಾತು: ಆ ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ಬೇರೆಡೆ ಅಂಟಿಸಿ ನೋಡಿ. ಎಷ್ಟೋ ಸಲ ಒತ್ತಕ್ಷರಗಳು ದಿಕ್ಕಾಪಾಲಾಗಿರುತ್ತವೆ.

ನನ್ನ ಮೊದಲ ಪ್ರಯತ್ನದಲ್ಲಿ ಎರಡು ಎಡವಟ್ಟಾದವು. ಅನವಶ್ಯಕ ಅದೃಶ್ಯ ಚಿಹ್ನೆಗಳನ್ನು ತೆಗೆದುಹಾಕು ಅಂತ ಜಾಣತನದ ಒಂದು ಸಾಲು ಸ್ಕ್ರಿಪ್ಟಿನಲ್ಲಿ ಸೇರಿಸಿದ್ದೆ. 'ಸಾಫ್ಟ್‌ವೇರ್' ಎಲ್ಲ 'ಸಾಫ್ಟ್ವೇರ್' ಆಗಿ ಕೂತಿತು. ಕನ್ನಡದಲ್ಲಿ ಆ ಕಾಣದ ಚಿಹ್ನೆ ಅನವಶ್ಯಕವಲ್ಲ, ವತ್ತು ಬೀಳದಂತೆ ತಡೆಯುವುದೇ ಅದು. ಇನ್ನೊಂದು, ಯುಗಾದಿಯ ಬರಹ ಯುಗಾದಿಯ ಹಿಂದಿನ ದಿನಕ್ಕೆ ಹೋಗಿತ್ತು. ನಾನು ಬರೆದದ್ದು ರಾತ್ರಿ ಹನ್ನೆರಡೂವರೆಗೆ; ಫೈಲಿನಲ್ಲಿದ್ದದ್ದು ಯುಟಿಸಿ ಸಮಯ, ಅಂದರೆ ಹಿಂದಿನ ಸಂಜೆ ಏಳು. ಐದೂವರೆ ಗಂಟೆ ಕೂಡಿಸಿದ ಮೇಲೆ ಹಬ್ಬ ತನ್ನ ಜಾಗಕ್ಕೆ ಬಂತು.

ಅಜ್ಜಿಯ 19 ಬರಹಗಳ ಓಡಿಟಿಯನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ, ದಸರಾಕ್ಕೆ ಊರಿಗೆ ಹೋದಾಗ ಅಮ್ಮನಿಗೆ ಕೊಟ್ಟೆ. ಅಮ್ಮ ಬ್ಲಾಗ್ ಓದಿದವಳೇ ಅಲ್ಲ. ಮಧ್ಯಾಹ್ನವೆಲ್ಲ ಓದಿ, ಸಂಜೆ ಕನ್ನಡಕ ತೆಗೆಯುತ್ತಾ, "ಏನೋ ಇದು, ಅತ್ತೆ ಹಿಂಗೆ ಹೇಳಿರಕ್ಕೇ ಸಾಧ್ಯ ಇಲ್ಲ" ಅಂದಳು. ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಅಂತ ತಟ್ಟಿ ನೋಡುತ್ತಾರೆ ಅಂತ ನಾನು ಬರೆದಿದ್ದೆ.

"ತಟ್ಟದಲ್ಲ ಕಣೋ, ಕಿವಿ ಹತ್ರ ಹಿಡಿದು ಅಲ್ಲಾಡಿಸದು. ಒಳಗೆ ಗುಂಡು ಬಿಟ್ಕೊಂಡಿದ್ರೆ ಲೊಡಲೊಡ ಅಂತದೆ. ನೀರಿದ್ರೆ ಇನ್ನೂ ಆಗಿಲ್ಲ ಅಂತ."

ಲ್ಯಾಪ್‌ಟಾಪ್ ತೆರೆದು ಮಾರ್ಕ್‌ಡೌನ್ ಫೈಲಿನಲ್ಲಿ ಅಲ್ಲೇ ತಿದ್ದಿದೆ. ಅಮ್ಮ ಅಷ್ಟರಲ್ಲಿ ಪೆನ್ಸಿಲ್ ಹುಡುಕಿಕೊಂಡು ಬಂದು ಎರಡನೇ ಕಥೆಗೆ ಕೂತಿದ್ದಳು.