ಗುರುಚರಿತೆ ಮತ್ತು ಸಾಕ್ಷ್ಯ: ಸ್ವಾಮಿ ಶಾರದಾನಂದರ ‘ಶ್ರೀರಾಮಕೃಷ್ಣ ಲೀಲಾಪ್ರಸಂಗ’

ಶಿಷ್ಯನೊಬ್ಬ ತನ್ನ ಗುರುವಿನ ಬದುಕನ್ನು ಬರೆಯಹೊರಟಾಗ ಎರಡು ಹೊಣೆಗಳು ಒಮ್ಮೆಗೇ ಎದುರಾಗುತ್ತವೆ. ಗುರುವಿನ ಮಹಿಮೆಗೆ ಊನವಾಗಬಾರದು ಎಂಬುದು ಭಕ್ತನ ಹೊಣೆ. ನಡೆದುದನ್ನು ನಡೆದಂತೆ ಹೇಳಬೇಕು ಎಂಬುದು ಚರಿತ್ರಕಾರನ ಹೊಣೆ. ಈ ಎರಡರ ನಡುವಣ ಸಂಬಂಧವನ್ನು ಸ್ವಾಮಿ ಶಾರದಾನಂದರ ಬಂಗಾಳಿ ಕೃತಿ ‘ಶ್ರೀಶ್ರೀರಾಮಕೃಷ್ಣ ಲೀಲಾಪ್ರಸಂಗ’ದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾರದಾನಂದರ ಪೂರ್ವಾಶ್ರಮದ ಹೆಸರು ಶರಚ್ಚಂದ್ರ ಚಕ್ರವರ್ತಿ. 1865ರಲ್ಲಿ ಜನಿಸಿದ ಅವರು 1883ರ ಸುಮಾರಿಗೆ ದಕ್ಷಿಣೇಶ್ವರದಲ್ಲಿ ಶ್ರೀರಾಮಕೃಷ್ಣರ ಸಂಪರ್ಕಕ್ಕೆ ಬಂದರು. ಗುರುವಿನ ಅಂತಿಮ ಅಸ್ವಸ್ಥತೆಯ ಕಾಲದಲ್ಲಿ ವೈದ್ಯಕೀಯ ವ್ಯಾಸಂಗವನ್ನು ತೊರೆದು ಸೇವೆಗೆ ನಿಂತರು. ಮುಂದೆ ರಾಮಕೃಷ್ಣ ಮಠ ಹಾಗೂ ಮಿಷನ್ನಿನ ಕಾರ್ಯದರ್ಶಿಯಾಗಿ 1927ರಲ್ಲಿ ದೇಹತ್ಯಾಗ ಮಾಡುವವರೆಗೂ ದುಡಿದರು. ಕೃತಿಯ ಹುಟ್ಟಿಗೆ ತೀರ ಲೌಕಿಕವಾದ ಒಂದು ಕಾರಣವೂ ಇತ್ತು. ಕಲ್ಕತ್ತೆಯ ಬಾಗ್‌ಬಜಾರಿನಲ್ಲಿ ‘ಉದ್ಬೋಧನ’ ಪತ್ರಿಕೆಯ ಕಾರ್ಯಾಲಯಕ್ಕೂ ಶಾರದಾದೇವಿಯವರ ವಾಸಕ್ಕೂ ಒಂದು ಮನೆ ಕಟ್ಟಿಸಲು ಅವರು ಸಾಲ ಮಾಡಿದ್ದರು. ಅದನ್ನು ತೀರಿಸುವ ದಾರಿಯಾಗಿ 1909ರಿಂದ ಅದೇ ಪತ್ರಿಕೆಯಲ್ಲಿ ಬರೆಯತೊಡಗಿದ ಲೇಖನಮಾಲೆಯೇ ಸುಮಾರು ಹತ್ತು ವರ್ಷಗಳಲ್ಲಿ ಐದು ಭಾಗಗಳ ಬೃಹತ್ ಗ್ರಂಥವಾಗಿ ಬೆಳೆಯಿತು.

ಅದಕ್ಕೆ ಮೊದಲೇ ಶ್ರೀರಾಮಕೃಷ್ಣರನ್ನು ಕುರಿತ ಬರವಣಿಗೆ ಬಂಗಾಳಿಯಲ್ಲಿತ್ತು. ರಾಮಚಂದ್ರ ದತ್ತರ ಜೀವನವೃತ್ತಾಂತ, ಅಕ್ಷಯಕುಮಾರ ಸೇನರ ಪದ್ಯರೂಪದ ‘ಪುಂಥಿ’, ಮಹೇಂದ್ರನಾಥ ಗುಪ್ತರ ‘ಕಥಾಮೃತ’ ಇವುಗಳಲ್ಲಿ ಮುಖ್ಯವಾದವು. ಇವರೆಲ್ಲರೂ ಗೃಹಸ್ಥ ಭಕ್ತರು. ದಿನಚರಿಯನ್ನು ಆಧರಿಸಿದ ‘ಕಥಾಮೃತ’ಕ್ಕೆ ತಾನು ಕಂಡು ಕೇಳಿದ ಕೆಲವು ವರ್ಷಗಳ ಮಾತುಕತೆಯೇ ಜೀವಾಳ. ಶಾರದಾನಂದರ ಮುಂದಿದ್ದ ಸಮಸ್ಯೆ ಬೇರೆ ಬಗೆಯದು. 1836ರಿಂದ 1886ರವರೆಗಿನ ಇಡೀ ಬದುಕನ್ನು ಅವರು ನಿರೂಪಿಸಬೇಕಾಗಿತ್ತು; ಅದರಲ್ಲಿ ಅವರು ಕಣ್ಣಾರೆ ಕಂಡದ್ದು ಕೊನೆಯ ಸುಮಾರು ಮೂರು ವರ್ಷಗಳನ್ನು ಮಾತ್ರ. 1855ರಲ್ಲಿ ದಕ್ಷಿಣೇಶ್ವರದ ದೇವಾಲಯ ಪ್ರತಿಷ್ಠೆಯಾದಾಗ ಅವರಿನ್ನೂ ಹುಟ್ಟಿಯೇ ಇರಲಿಲ್ಲ. ಭೈರವಿ ಬ್ರಾಹ್ಮಣಿ, ತೋತಾಪುರಿ ಮೊದಲಾದವರು ಬಂದುಹೋದ ಸಾಧನೆಯ ಕಾಲವೂ ಅವರ ಪಾಲಿಗೆ ಕೇಳಿ ತಿಳಿದದ್ದೇ ಆಗಿತ್ತು.

ಈ ಕೊರತೆಯನ್ನು ಅವರು ನಿರ್ವಹಿಸುವ ಕ್ರಮ ಗಮನಾರ್ಹವಾದುದು. ಗುರುವಿನ ಬಾಯಿಂದಲೇ ಕೇಳಿದ್ದು, ಸೋದರಳಿಯ ಹೃದಯರಾಮನಂತಹ ಹತ್ತಿರದವರು ಹೇಳಿದ್ದು, ಕಾಮಾರಪುಕುರದ ಜನರಿಂದ ತಿಳಿದದ್ದು ಎಂದು ಆಕರಗಳನ್ನು ಅನೇಕ ಕಡೆ ಬೇರ್ಪಡಿಸಿ ತೋರಿಸುತ್ತಾರೆ. ಜನ್ಮವರ್ಷದ ವಿಚಾರದಲ್ಲಿ ಜಾತಕಗಳ ನಡುವಣ ವ್ಯತ್ಯಾಸವನ್ನು ಮುಚ್ಚಿಡದೆ ಚರ್ಚೆಗೆ ತೆಗೆದುಕೊಳ್ಳುತ್ತಾರೆ. ಅವತಾರವೆಂದು ತಾವು ನಂಬಿದ ವ್ಯಕ್ತಿಯ ಹುಟ್ಟಿನ ತೇದಿಯನ್ನು ಲೆಕ್ಕ ಹಾಕಿ ಸಾಧಿಸಬೇಕೆಂದು ಶಿಷ್ಯನೊಬ್ಬನಿಗೆ ಅನಿಸಿದ್ದು ಸಣ್ಣ ಸಂಗತಿಯಲ್ಲ. ಇಂಗ್ಲಿಷ್ ಶಿಕ್ಷಣ ಪಡೆದ, ಸಂಶಯವನ್ನು ರೂಢಿಸಿಕೊಂಡ ಓದುಗನೊಬ್ಬ ಅವರ ಎದುರಿಗೆ ಸದಾ ಕುಳಿತಿದ್ದಾನೆ. ಅವನ ಪ್ರಶ್ನೆಗಳನ್ನು ತಾವೇ ಎತ್ತಿ ಉತ್ತರಿಸುವುದು ಅವರ ಗದ್ಯದ ಮುಖ್ಯ ಲಕ್ಷಣ.

ಆದರೆ ಕೃತಿಯ ರಚನೆ ಕಾಲಾನುಕ್ರಮದ್ದಲ್ಲ. ಶಾರದಾನಂದರು ಜನನದಿಂದ ಆರಂಭಿಸದೆ ‘ಗುರುಭಾವ’ದಿಂದ ಆರಂಭಿಸಿದರು. ಆ ಭಾಗದ ಪೂರ್ವಾರ್ಧ, ಉತ್ತರಾರ್ಧಗಳು ಮೊದಲು ಬಂದವು. ‘ಸಾಧಕಭಾವ’ ಮತ್ತು ‘ಪೂರ್ವಕಥಾ ಓ ಬಾಲ್ಯಜೀವನ’ ಆಮೇಲಿನವು. ತಾನು ಪ್ರತ್ಯಕ್ಷವಾಗಿ ಬಲ್ಲ ಗುರುವನ್ನು ಮೊದಲು ಸ್ಥಾಪಿಸಿ, ಆ ಬೆಳಕಿನಲ್ಲಿ ತಾನು ಕಾಣದ ಸಾಧಕನನ್ನೂ ಬಾಲಕನನ್ನೂ ಹಿಂದಿರುಗಿ ಅರ್ಥೈಸುವ ಕ್ರಮವಿದು. ಇದೇ ಕೃತಿಯ ಶಕ್ತಿ, ಇದೇ ಅದರ ಮಿತಿ. ಗುರುಭಾವ ಮೊದಲೇ ಸಿದ್ಧವಾಗಿರುವುದರಿಂದ ಬಾಲ್ಯದ ಪ್ರತಿಯೊಂದು ಘಟನೆಯೂ ಮುಂದಿನ ಮಹಿಮೆಯ ಮುನ್ಸೂಚನೆಯಾಗಿ ಕಾಣುತ್ತದೆ. ಸಾಧಕನ ತಳಮಳಕ್ಕೆ ಓದುಗನು ಮರುಗುವ ಮೊದಲೇ ಅದರ ಫಲ ತಿಳಿದುಬಿಟ್ಟಿರುತ್ತದೆ. ಸಂಶೋಧಕನು ಇಲ್ಲಿ ಸಂಗತಿಯನ್ನೂ ಅದರ ವ್ಯಾಖ್ಯಾನವನ್ನೂ ಬೇರೆ ಬೇರೆಯಾಗಿ ಎತ್ತಿಕೊಳ್ಳಬೇಕಾಗುತ್ತದೆ.

ಶೀರ್ಷಿಕೆಯ ‘ಲೀಲೆ’ ಎಂಬ ಮಾತು ಕನ್ನಡ ಓದುಗರಿಗೆ ಹೊಸದಲ್ಲ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನು ಮಾಯೆಗೆ ಸಿಕ್ಕದವನು; ಅಲ್ಲಿ ಲೀಲೆಗೆ ಕಾಲದ ಹಂಗಿಲ್ಲ, ಕವಿಗೆ ಸಾಕ್ಷಿಗಳ ಹಂಗೂ ಇಲ್ಲ. ಶಾರದಾನಂದರು ಅದೇ ಲೀಲೆಯನ್ನು ತೇದಿ, ಸ್ಥಳ, ಹೇಳಿಕೆಗಳ ಚೌಕಟ್ಟಿನಲ್ಲಿ ಕೂರಿಸಲು ಯತ್ನಿಸುತ್ತಾರೆ. ಪುರಾಣದ ಪದವನ್ನು ಉಳಿಸಿಕೊಂಡೇ ಚರಿತ್ರೆಯ ವಿಧಾನವನ್ನು ಒಪ್ಪಿಕೊಳ್ಳುವ ಈ ಇಬ್ಬಂದಿತನ ಆಧುನಿಕ ಭಾರತೀಯ ಗುರುಚರಿತೆಯ ಒಂದು ತಿರುವು. ಕನ್ನಡದಲ್ಲಿ 1934ರಲ್ಲಿ ಪ್ರಕಟವಾದ ಕುವೆಂಪು ಅವರ ‘ಶ್ರೀರಾಮಕೃಷ್ಣ ಪರಮಹಂಸ’ವನ್ನೂ ಈ ತಿರುವಿನ ಹಿನ್ನೆಲೆಯಲ್ಲಿ ಓದಬೇಕಾಗಿದೆ.

ಇನ್ನೊಂದು ಅಂಶವನ್ನು ಇಲ್ಲಿ ಗಮನಿಸಬೇಕು. ಕೃತಿ ಅಪೂರ್ಣ. ಕೊನೆಯ ಭಾಗ ‘ದಿವ್ಯಭಾವ ಓ ನರೇಂದ್ರನಾಥ’ವು ಗುರುವನ್ನು ಕಾಶೀಪುರದ ತೋಟದ ಮನೆಗೆ ಕರೆತರುತ್ತದೆ, 1886ರ ಆಗಸ್ಟ್ 16ರ ಮಹಾಸಮಾಧಿಯವರೆಗೆ ಕಥನ ಸಾಗುವುದಿಲ್ಲ. 1920ರಲ್ಲಿ ಶಾರದಾದೇವಿಯವರೂ 1922ರಲ್ಲಿ ಸ್ವಾಮಿ ಬ್ರಹ್ಮಾನಂದರೂ ತೀರಿಕೊಂಡ ಬಳಿಕ ಶಾರದಾನಂದರಿಗೆ ಬರವಣಿಗೆಯನ್ನು ಮುಂದುವರಿಸುವ ಮನಸ್ಸಾಗಲಿಲ್ಲ. ಇದರ ಪರಿಣಾಮ ವಿಲಕ್ಷಣವಾದುದು. ತಾವು ಹುಟ್ಟುವ ಮುನ್ನಿನ ಸಂಗತಿಗಳಿಗೆ ಸಾಕ್ಷ್ಯಗಳನ್ನು ಹುಡುಕಿ ತಂದ ಲೇಖಕರು, ಹಗಲಿರುಳು ತಾವೇ ಶುಶ್ರೂಷೆ ಮಾಡುತ್ತ ಸಾಕ್ಷಿಯಾಗಿದ್ದ ತಿಂಗಳುಗಳನ್ನು ಬರೆಯದೆ ಉಳಿಸಿದರು. ಮನೆಯ ಸಾಲ ತೀರಿತು. ಈ ಒಂದು ಬಾಕಿ ಮಾತ್ರ ಉಳಿಯಿತು. ಆದ್ದರಿಂದ ‘ಲೀಲಾಪ್ರಸಂಗ’ವನ್ನು ಆಕರವಾಗಿ ಬಳಸುವವರು ಅದು ಹೇಳಿರುವುದನ್ನು ತೂಗಿ ನೋಡುವಷ್ಟೇ ಎಚ್ಚರದಿಂದ ಅದು ಎಲ್ಲಿ ನಿಂತಿದೆ ಎಂಬುದನ್ನೂ ಗುರುತಿಸಬೇಕು.